ಅಫೀಮಿನ ಚಟವೂ ಬೊಕ್ಕಸದ ಹಣವೂ

ಗಸಗಸೆಯ ಪಾಯಸವನ್ನು ಅರಿಯದ ಮನೆಯು ನಮ್ಮ ನಾಡಿನಲ್ಲಿ ವಿರಳವೆಂದೇ ಹೇಳಬೇಕು. ಗಸಗಸೆಯನ್ನು ಹದವಾಗಿ ಹುರಿದು, ತೆಂಗಿನ ತುರಿಯೊಡನೆ ನುಣ್ಣಗೆ ಅರೆದು, ಬೆಲ್ಲವನ್ನು ಸೇರಿಸಿ ಕುದಿಸಿ, ಏಲಕ್ಕಿಯ ಪುಡಿಯನ್ನುದುರಿಸಿ ಬಡಿಸಿದರೆ, ಹಬ್ಬದ ದಿನ ಉಂಡವರು ಎರಡು ಗಳಿಗೆ ಒರಗಿ ಏಳುವುದು ವಾಡಿಕೆ. ಹಿರಿಯರು “ಗಸಗಸೆಯ ಗುಣ” ಎಂದು ನಗುವರು. ನಿಜವಾಗಿ ನೋಡಿದರೆ ಬೀಜದಲ್ಲಿ ಅಮಲಿನ ಅಂಶವು ಇಲ್ಲವೆನ್ನುವಷ್ಟು ಸ್ವಲ್ಪ. ನಿದ್ರೆಗೆ ಹೋಳಿಗೆ ತುಪ್ಪಗಳೇ ಹೆಚ್ಚಿನ ಕಾರಣವಾಗಿರಬೇಕು. ಆದರೆ ಆ ಬೀಜಗಳನ್ನು ಒಳಗಿಟ್ಟುಕೊಂಡಿರುವ ಕಾಯಿಯನ್ನು ಹಸಿಯಾಗಿರುವಾಗ ಗೀರಿದರೆ ಒಸರುವ ಹಾಲೇ ಒಣಗಿ ಅಫೀಮಾಗುವುದು. ಅಫೀಮಿನಿಂದ ಮಾರ್ಫಿನ್ ಮತ್ತು ಕೊಡೀನ್, ಮಾರ್ಫಿನ್ನಿನಿಂದ ಹೆರಾಯಿನ್, ಇವುಗಳ ಗುಣವನ್ನು ಅನುಕರಿಸಿ ಕಾರ್ಖಾನೆಗಳಲ್ಲಿ ತಯಾರಾಗುವ ಟ್ರಮಡಾಲ್, ಟಪೆಂಟಡಾಲ್ ಮೊದಲಾದ ನೋವಿನ ಮಾತ್ರೆಗಳು, ಇವೆಲ್ಲವೂ ಒಂದೇ ಮನೆತನದವು. ಈ ಮನೆತನದ ಪದಾರ್ಥಗಳ ಚಟಕ್ಕೆ ಸಿಕ್ಕಿದವರಿಗಾಗಿ ಸರ್ಕಾರವು ಪ್ರಜೆಗಳ ಹಣವನ್ನು ವ್ಯಯಮಾಡಬೇಕೆ, ಮಾಡುವುದಾದರೆ ಯಾವ ಬಾಬಿಗೆ ಮಾಡಬೇಕು ಎಂಬುದೇ ಈ ತಿಂಗಳು ನಾವು ವಾಚಕರ ಮುಂದಿಡಬೇಕೆಂದಿರುವ ವಿಚಾರ.

ಇಂಥ ವಿಷಯವು ಮನೆಮಂದಿಯೆಲ್ಲ ಓದುವ ಪತ್ರಿಕೆಗೆ ತಕ್ಕುದೇ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ನಮಗೂ ಮೊದಲು ಹಾಗೆಯೇ ತೋರಿತ್ತು. ಚಟವೆಂಬುದು ಚಲನಚಿತ್ರಗಳಲ್ಲಿ ಬರುವ ಕೇಡಿಗರ ಬದುಕು, ಸೇತುವೆಯ ಕೆಳಗೆ ಮಲಗುವವರ ಪಾಡು, ನಮ್ಮ ಹೊಸ್ತಿಲಿನಾಚೆಯ ಸಂಗತಿ ಎಂಬ ಭ್ರಮೆಯಲ್ಲಿ ನಾವೂ ಇದ್ದೆವು. ಆ ಭ್ರಮೆಯನ್ನು ಕಳೆದುದು ರಿಚರ್ಡ್ಸ್ ಟೌನಿನ ಒಂದು ಮನೆ.

ರಿಚರ್ಡ್ಸ್ ಟೌನು ಬೆಂಗಳೂರಿನ ಹಳೆಯ ದಂಡು ಪ್ರದೇಶದಲ್ಲಿ ಫ್ರೇಜರ್ ಟೌನು, ಕುಕ್ ಟೌನುಗಳ ನೆರೆಯಲ್ಲಿರುವ ಬಡಾವಣೆ. ದಂಡು ಪ್ರದೇಶವು 1947ರಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳಿ ಬಂದು, 1949ರಲ್ಲಿ ಪೇಟೆಯೊಡನೆ ಕೂಡಿ ಒಂದೇ ಕಾರ್ಪೊರೇಷನ್ ಆದರೂ, ಇಲ್ಲಿನ ಬೀದಿಗಳಿಗೆ ಇಂದಿಗೂ ಬೇರೆಯೇ ಒಂದು ಲಕ್ಷಣ ಉಳಿದಿದೆ. ಬೀದಿಯ ಮೇಲೆ ಕೊಡೆ ಹಿಡಿದಂತಿರುವ ದೊಡ್ಡ ಮರಗಳು; ಅಂತಸ್ತಿನ ಕಟ್ಟಡಗಳ ನಡುವೆ ಅಲ್ಲೊಂದು ಇಲ್ಲೊಂದು ಉಳಿದಿರುವ ಹೆಂಚಿನ ಬಂಗಲೆಗಳು; ಸಂಜೆಯ ಹೊತ್ತು ಉದ್ಯಾನದ ಒಂದೇ ಬೆಂಚಿನ ಮೇಲೆ ಕುಳಿತು ಕನ್ನಡ, ತಮಿಳು, ಉರ್ದು, ಇಂಗ್ಲಿಷುಗಳಲ್ಲಿ ಮೊಣಕಾಲಿನ ನೋವನ್ನು ಕುರಿತು ಮಾತನಾಡುವ ಪಿಂಚಣಿದಾರರು. ಈ ಬಡಾವಣೆಗೆ ಯಾವ ಕಳಂಕವನ್ನೂ ಹಚ್ಚುವುದು ನಮ್ಮ ಉದ್ದೇಶವಲ್ಲ. ಇಷ್ಟು ಶಾಂತವಾದ ಸ್ಥಳದಲ್ಲಿಯೂ ಆ ಕಷ್ಟವು ಬಾಗಿಲು ತಟ್ಟಬಹುದೆಂದು ತೋರಿಸುವುದಷ್ಟೇ ಉದ್ದೇಶ.

ಆ ಬೆಂಚಿನ ಪಿಂಚಣಿದಾರರಲ್ಲಿ ಒಬ್ಬರು ನಮಗೆ ಬಹುಕಾಲದ ಪರಿಚಿತರು. ಅವರಿಗೆ ಒಬ್ಬನೇ ಮಗ. ಹುಡುಗನಿಗೆ ಕಾಲೇಜಿನ ಕೊನೆಯ ವರ್ಷದಲ್ಲಿ ಸಂಗಾತಿಗಳಿಂದ ಒಂದು ಬಗೆಯ ನೋವಿನ ಮಾತ್ರೆ ದೊರೆಯಿತು. ಮೊದಲು ನುಂಗಿದನು, ಆಮೇಲೆ ಸೂಜಿಗೆ ಹೋದನು. ಮನೆಯವರಿಗೆ ತಿಳಿಯುವ ಹೊತ್ತಿಗೆ ತಾಯಿಯ ಎರಡು ಬಳೆಗಳೂ ತಂದೆಯ ಕೈಗಡಿಯಾರವೂ ಕಣ್ಮರೆಯಾಗಿದ್ದವು. ಯಜಮಾನರು ಯಾರಿಗೂ ಹೇಳಲಿಲ್ಲ. ವೈದ್ಯರ ಬಳಿಗೆ ಹೋದರೆ ಪೋಲೀಸರಿಗೆ ತಿಳಿದೀತು, ಪೋಲೀಸರಿಗೆ ತಿಳಿದರೆ ನೆಂಟರಿಗೆ ತಿಳಿದೀತು ಎಂಬ ಹೆದರಿಕೆ. ಕೊನೆಗೆ ಯಾರೋ ಹೇಳಿದರೆಂದು ಊರ ಹೊರಗಿನ ಒಂದು ಖಾಸಗಿ “ಚಟ ಬಿಡಿಸುವ ಮನೆ”ಗೆ ಸೇರಿಸಿದರು. ತಿಂಗಳಿಗೆ 18,000 ರೂಪಾಯಿ; ಮೂರು ತಿಂಗಳ ಹಣವನ್ನು ಮುಂಗಡವಾಗಿಯೇ ಕೊಡಬೇಕು; ಆ ಅವಧಿಯಲ್ಲಿ ತಂದೆತಾಯಿಗಳು ನೋಡಲು ಹೋಗಕೂಡದು. ಅಲ್ಲಿ ವೈದ್ಯರಿರಲಿಲ್ಲ. ಬೆಳಗ್ಗೆ ಕಸ ಗುಡಿಸುವುದು, ಮಧ್ಯಾಹ್ನ ಉಪದೇಶ ಕೇಳುವುದು, ರಾತ್ರಿ ಹೊರಗಿನಿಂದ ಬೀಗ. ಮೂರು ತಿಂಗಳ ಮೇಲೆ ಹುಡುಗನು ಮೈತುಂಬಿಕೊಂಡು ಮನೆಗೆ ಬಂದನು. ತಾಯಿ ದೃಷ್ಟಿ ತೆಗೆದರು.

ಹನ್ನೊಂದನೆಯ ದಿನ, ಒಂದು ಭಾನುವಾರ, ಸ್ನಾನದ ಮನೆಯ ಬಾಗಿಲನ್ನು ಒಡೆಯಬೇಕಾಯಿತು. ತುಟಿ ನೀಲಿಗಟ್ಟಿತ್ತು, ಉಸಿರು ನಿಮಿಷಕ್ಕೆ ಮೂರೋ ನಾಲ್ಕೋ. ನೆರೆಮನೆಯವರ ವಾಹನದಲ್ಲಿ ಆಸ್ಪತ್ರೆಗೆ ಸಾಗಿಸಿದಾಗ ಅಲ್ಲಿನ ಕಿರಿಯ ವೈದ್ಯರೊಬ್ಬರು ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟು ಕಿರಿದಾಗಿರುವುದನ್ನು ಕಂಡು ತತ್ಕ್ಷಣ ನಲಾಕ್ಸೋನ್ ಎಂಬ ಮದ್ದನ್ನು ಚುಚ್ಚಿದರು. ಎರಡು ನಿಮಿಷಗಳಲ್ಲಿ ಹುಡುಗನು ಕಣ್ಣು ತೆರೆದನು. “ಮೂರು ತಿಂಗಳು ಒಂದು ಮಾತ್ರೆಯನ್ನೂ ಮುಟ್ಟದೆ ಇದ್ದವನಿಗೆ ಹೀಗೇಕಾಯಿತು? ನೀವೇ ಹೇಳಿ” ಎಂದು ಆ ತಾಯಿ ನಮ್ಮನ್ನು ಕೇಳಿದರು. ನಮಗೆ ಉತ್ತರ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಬೇಕೆಂದು ಹೊರಟುದೇ ಈ ಲೇಖನಕ್ಕೆ ಮೂಲ.

ಉತ್ತರವು ಹೀಗಿದೆ. ನೋವನ್ನು ತಗ್ಗಿಸಿ ನೆಮ್ಮದಿಯನ್ನು ತರುವ ಕೆಲವು ರಸಗಳು ನಮ್ಮ ಮಿದುಳಿನಲ್ಲಿ ಸ್ವಭಾವತಃ ಹುಟ್ಟುತ್ತವೆ; ಅವು ಬಂದು ಕೂರುವುದಕ್ಕೆಂದೇ ಅಲ್ಲಿ ಗೂಡುಗಳಂಥ ಸ್ಥಾನಗಳಿವೆ. ಅಫೀಮು ಜಾತಿಯ ಪದಾರ್ಥಗಳು ಆ ಸ್ಥಾನಗಳನ್ನು ಆಕ್ರಮಿಸಿ ಹಲವು ಪಟ್ಟು ಬಲವಾಗಿ ಅದೇ ಕೆಲಸವನ್ನು ಮಾಡುತ್ತವೆ. ದಿನಗಳೆದಂತೆ ದೇಹವು ಅದಕ್ಕೆ ಒಗ್ಗಿಹೋಗಿ ಮೊದಲಿನ ಪ್ರಮಾಣ ಸಾಲದಾಗುವುದು. ನಿಲ್ಲಿಸಿದರೆ ಆಕಳಿಕೆ, ಮೂಗು ಕಣ್ಣುಗಳಲ್ಲಿ ನೀರು, ಮೈ ನವಿರೇಳುವುದು, ಹೊಟ್ಟೆ ಹಿಂಡುವ ನೋವು, ಭೇದಿ, ನಿದ್ರೆಯಿಲ್ಲದ ರಾತ್ರಿಗಳು. ಒಂದೆರಡು ವಾರಗಳಲ್ಲಿ ಈ ಬಾಧೆಯೇನೋ ಇಳಿಯುವುದು. ಆದರೆ ಒಳಗಿನ ತುಡಿತವು ತಿಂಗಳುಗಟ್ಟಲೆ, ವರ್ಷಗಟ್ಟಲೆ ಆರುವುದಿಲ್ಲ. ಇನ್ನೊಂದು ಸಂಗತಿ ಅದಕ್ಕಿಂತ ಭಯಂಕರವಾದುದು. ಉಸಿರಾಟವನ್ನು ನಡೆಸುವ ಕೇಂದ್ರವೂ ಇದೇ ಪದಾರ್ಥಗಳ ವಶಕ್ಕೆ ಬರತಕ್ಕದ್ದು. ಬಿಟ್ಟಿದ್ದ ಅವಧಿಯಲ್ಲಿ ದೇಹದ ತಾಳಿಕೆ ಇಳಿದುಹೋಗಿರುತ್ತದೆ. ಮನಸ್ಸಿಗೆ ಮಾತ್ರ ಹಳೆಯ ಪ್ರಮಾಣವೇ ನೆನಪಿರುತ್ತದೆ. ಹಿಂದೆ ಜೀರ್ಣಿಸಿಕೊಂಡಿದ್ದ ಅದೇ ಪ್ರಮಾಣವು ಈಗ ಉಸಿರನ್ನು ನಿಲ್ಲಿಸಿಬಿಡುವುದು. ಸೆರೆಮನೆಯಿಂದ ಹೊರಬಿದ್ದ ಮೊದಲ ವಾರಗಳಲ್ಲಿ, ಮದ್ದಿಲ್ಲದೆ ಕೂಡಿಹಾಕಿದ್ದ ಮನೆಯಿಂದ ಹಿಂತಿರುಗಿದ ಮೊದಲ ವಾರಗಳಲ್ಲಿ ಸಾವಿನ ಭಯವು ಅತ್ಯಧಿಕವೆಂದು ಲೋಕದ ನಾನಾ ದೇಶಗಳ ವೈದ್ಯರು ಕಂಡುಕೊಂಡಿದ್ದಾರೆ. ಆ ತಂದೆಯು ಕೊಟ್ಟ 54,000 ರೂಪಾಯಿಯು ಮಗನ ಚಟವನ್ನು ಬಿಡಿಸಲಿಲ್ಲ. ತಾಳಿಕೆಯನ್ನು ಮಾತ್ರ ಕಳೆಯಿತು.

ಹಾಗಾದರೆ ಗುಣಪಡಿಸುವ ಮಾರ್ಗ ಯಾವುದು? ಇದನ್ನು ಕಂಡುಹಿಡಿದು ಅರುವತ್ತು ವರ್ಷಗಳಾದುವು. 1960ರ ದಶಕದ ಮಧ್ಯದಲ್ಲಿ ನ್ಯೂಯಾರ್ಕ್ ನಗರದಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ಎಂಬ ವೈದ್ಯರು ಹೆರಾಯಿನ್ ಚಟದವರಿಗೆ ದಿನಕ್ಕೊಮ್ಮೆ ಮೆಥಡೋನ್ ಎಂಬ ಮದ್ದನ್ನು ಬಾಯಿಯಿಂದ ಕೊಟ್ಟು ನೋಡಿದರು. ಅದು ನಿಧಾನವಾಗಿ ಕೆಲಸಮಾಡಿ ದಿನವಿಡೀ ನಿಲ್ಲುವುದರಿಂದ ಅಮಲಿನ ಏರಿಳಿತವಿಲ್ಲ, ಬಾಧೆಯೂ ಇಲ್ಲ; ಬೀದಿ ಅಲೆಯುತ್ತಿದ್ದವರು ಕೆಲಸಕ್ಕೆ ಹೋಗತೊಡಗಿದರು. ಆಮೇಲೆ ಬುಪ್ರೆನಾರ್ಫಿನ್ ಎಂಬುದು ಬಂದಿತು. ಇದು ನಾಲಗೆಯ ಕೆಳಗಿಟ್ಟು ಕರಗಿಸಿಕೊಳ್ಳುವ ಮಾತ್ರೆ. ಮಿದುಳಿನ ಆ ಸ್ಥಾನಗಳಲ್ಲಿ ಗಟ್ಟಿಯಾಗಿ ಕುಳಿತುಕೊಳ್ಳುತ್ತದೆ, ಆದರೆ ಅರೆಬರೆಯಾಗಿ ಮಾತ್ರ ಕೆಲಸಮಾಡುತ್ತದೆ. ಒಂದು ಮಟ್ಟವನ್ನು ಮೀರಿ ಅದರ ಪರಿಣಾಮ ಏರುವುದಿಲ್ಲವಾದ ಕಾರಣ, ಬೇರೆ ಅಮಲುಗಳೊಡನೆ ಬೆರೆಸದ ಪಕ್ಷದಲ್ಲಿ, ಉಸಿರು ನಿಲ್ಲುವ ಭಯ ಬಹಳ ಕಡಮೆ. ಸೂಜಿಗೆ ಹಾಕಿಕೊಳ್ಳದಿರಲೆಂದು ಅದರೊಡನೆ ನಲಾಕ್ಸೋನನ್ನು ಬೆರೆಸಿದ ಮಾತ್ರೆಯೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ಮೆಥಡೋನ್, ಬುಪ್ರೆನಾರ್ಫಿನ್ ಎರಡನ್ನೂ ಅವಶ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಫಲವೇನು ಎಂದು ಕೇಳುವ ಹಕ್ಕು ತೆರಿಗೆ ಕೊಡುವ ಗೃಹಸ್ಥನಿಗೆ ಇದ್ದೇ ಇದೆ. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ವೈದ್ಯಪತ್ರಿಕೆಯಲ್ಲಿ ನಾನಾ ದೇಶಗಳ ವರದಿಗಳನ್ನು ಕೂಡಿಸಿ ಲೆಕ್ಕಹಾಕಿದ ಪ್ರಬಂಧವೊಂದು ಪ್ರಕಟವಾಯಿತು. ಅದರಂತೆ ಮೆಥಡೋನ್ ಚಿಕಿತ್ಸೆಯಲ್ಲಿ ಇರುವವರಲ್ಲಿ ವರ್ಷಕ್ಕೆ ಸಾವಿರಕ್ಕೆ ಸುಮಾರು 11 ಮಂದಿ ತೀರಿಕೊಂಡರೆ, ಚಿಕಿತ್ಸೆಯನ್ನು ಬಿಟ್ಟವರಲ್ಲಿ ಸುಮಾರು 36 ಮಂದಿ. ಬುಪ್ರೆನಾರ್ಫಿನ್ನಿನ ವಿಷಯದಲ್ಲಿ ಈ ಸಂಖ್ಯೆಗಳು ಸುಮಾರು 4 ಮತ್ತು 9. ಫ್ರಾನ್ಸ್ ದೇಶದಲ್ಲಿ 1995ರ ತರುವಾಯ ಸಾಮಾನ್ಯ ವೈದ್ಯರಿಗೂ ಬುಪ್ರೆನಾರ್ಫಿನ್ ಬರೆದುಕೊಡಲು ಅನುಮತಿ ದೊರೆಯಿತು. ಮುಂದಿನ ನಾಲ್ಕು ವರ್ಷಗಳಲ್ಲಿ ಅಲ್ಲಿ ಮಿತಿಮೀರಿದ ಪ್ರಮಾಣದಿಂದ ಸಾಯುವವರ ಸಂಖ್ಯೆ ನೂರಕ್ಕೆ 79ರಷ್ಟು ಇಳಿಯಿತು. ವೈದ್ಯಶಾಸ್ತ್ರದಲ್ಲಿ ಇಷ್ಟು ಸ್ಪಷ್ಟವಾಗಿ ಮಾತನಾಡುವ ಅಂಕಿಗಳು ಬಹಳವಿಲ್ಲ.

ಇಲ್ಲಿ ಒಂದು ಆಕ್ಷೇಪಣೆಯು ಬಂದೇ ಬರುವುದು. “ಒಂದು ಅಮಲನ್ನು ಬಿಡಿಸಿ ಇನ್ನೊಂದನ್ನು ಹಿಡಿಸಿದರೆ ಆದ ಲಾಭವೇನು? ಅದಕ್ಕೂ ನಮ್ಮ ತೆರಿಗೆಯ ಹಣವೇ?” ನಮ್ಮ ಸ್ನೇಹಿತರೊಬ್ಬರು, ಸತ್ಯವಂತರು, ಇದನ್ನು ಸಿಟ್ಟಿನಿಂದಲೇ ಕೇಳಿದರು. ಅವರು ಹದಿನೈದು ವರ್ಷಗಳಿಂದ ದಿನವೂ ಬೆಳಗ್ಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವವರು. ಅದನ್ನು ಅವರಿಗೆ ನೆನಪು ಮಾಡಿಕೊಟ್ಟೆವು. ಅವರು ನಕ್ಕರೇ ಹೊರತು ಒಪ್ಪಲಿಲ್ಲ. ಒಪ್ಪದಿದ್ದುದಕ್ಕೆ ಕಾರಣವೂ ಇದೆ: ಸಕ್ಕರೆ ರೋಗಿಯು ಯಾರ ಬಳೆಯನ್ನೂ ಕದಿಯುವುದಿಲ್ಲ. ಆದರೆ ಅದೇ ಮಾತನ್ನು ತಿರುಗಿಸಿ ನೋಡಿದರೆ, ಬಳೆ ಕದಿಯುವಂತೆ ಮಾಡುವ ರೋಗಕ್ಕೇ ಮೊದಲು ಮದ್ದು ಕೊಡಬೇಕಲ್ಲವೆ? ಚಟವೆಂದರೆ ಮದ್ದಿನ ಮೇಲಿನ ಅವಲಂಬನೆ ಮಾತ್ರವಲ್ಲ. ಅದಕ್ಕಾಗಿ ಕೆಲಸ, ಮಾನ, ಸಂಸಾರಗಳನ್ನೆಲ್ಲ ಪಣಕ್ಕಿಡುವ ಸ್ಥಿತಿ. ನಾಲಗೆಯ ಕೆಳಗೆ ಒಂದು ಮಾತ್ರೆಯಿಟ್ಟುಕೊಂಡು ಒಂಬತ್ತೂವರೆಗೆ ಕಛೇರಿಯಲ್ಲಿರುವವನು ಆ ಸ್ಥಿತಿಯಲ್ಲಿಲ್ಲ.

ಸರ್ಕಾರಕ್ಕೂ ಅಫೀಮಿಗೂ ಇರುವ ಸಂಬಂಧವು ಹೊಸದೇನೂ ಅಲ್ಲವೆಂಬುದನ್ನು ಮರೆಯಬಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಡಿಯಾ ಸರ್ಕಾರದ ದೊಡ್ಡ ಆದಾಯಗಳಲ್ಲಿ ಅಫೀಮು ಒಂದಾಗಿತ್ತು. ಗಾಜೀಪುರದ ಕಾರ್ಖಾನೆಯಲ್ಲಿ ಉಂಡೆ ಕಟ್ಟಿ, ಪೆಟ್ಟಿಗೆಗಳಲ್ಲಿ ತುಂಬಿ, ಚೀನಾ ದೇಶಕ್ಕೆ ಕಳುಹಿಸಲಾಗುತ್ತಿತ್ತು. ಇದು ಧರ್ಮವೇ ಎಂದು ವಿಚಾರಿಸುವುದಕ್ಕೆ 1893ರಲ್ಲಿ ರಾಯಲ್ ಕಮಿಷನ್ ನೇಮಕವಾಗಿ, 1895ರಲ್ಲಿ ದಪ್ಪ ದಪ್ಪ ಸಂಪುಟಗಳಲ್ಲಿ ವರದಿಯೂ ಹೊರಬಂದಿತು. ವ್ಯಾಪಾರವನ್ನು ನಿಲ್ಲಿಸಬೇಕಾಗಿಲ್ಲವೆಂಬುದು ಆ ವರದಿಯ ಸಾರ. ಚೀನಾಕ್ಕೆ ಕಳುಹಿಸುವುದನ್ನು ಕ್ರಮೇಣ ಇಳಿಸುವ ಒಪ್ಪಂದವಾದುದು 1907ರಲ್ಲಿ. ದೇಶದೊಳಗೆ ಪರವಾನಗಿಯ ಅಂಗಡಿಗಳಲ್ಲಿ ಮಾರಾಟವು ಮುಂದುವರಿದೇ ಇತ್ತು. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ಅಂಗಡಿಯ ಮಾರಾಟವನ್ನು ಹತ್ತು ವರ್ಷಗಳಲ್ಲಿ ಹಂತಹಂತವಾಗಿ ಇಳಿಸಿ 1959ರ ಹೊತ್ತಿಗೆ ನಿಲ್ಲಿಸಬೇಕೆಂದು ತೀರ್ಮಾನವಾಯಿತು. ಆಗಲೂ ಬಹುಕಾಲದಿಂದ ಅಫೀಮು ತಿನ್ನುತ್ತಿದ್ದ ವೃದ್ಧರನ್ನು ಒಂದೇ ದಿನದಲ್ಲಿ ಬೀದಿಪಾಲು ಮಾಡಲಿಲ್ಲ. ವೈದ್ಯರ ಪತ್ರವನ್ನು ಪಡೆದು ಹೆಸರು ನೋಂದಾಯಿಸಿಕೊಂಡವರಿಗೆ ಗೊತ್ತಾದ ಪ್ರಮಾಣದಲ್ಲಿ ಸರ್ಕಾರವೇ ಒದಗಿಸುತ್ತಿತ್ತು. ಇಂದು “ಬದಲಿ ಮದ್ದು” ಎಂದೊಡನೆ ಬೆಚ್ಚಿಬೀಳುವವರು ಇದನ್ನು ನೆನೆಯಬಹುದು. ಇಂದಿಗೂ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯ ಮೇಲೆ ಅಫೀಮಿನ ಬೆಳೆಯುಂಟು. ಔಷಧಕ್ಕೆ ಅದು ಬೇಕೇ ಬೇಕು. ಅರ್ಬುದ ರೋಗಿಯ ಕೊನೆಯ ದಿನಗಳ ನೋವನ್ನು ಕಂಡವರಾರೂ ಮಾರ್ಫಿನ್ನನ್ನು ಶಪಿಸಲಾರರು.

ಚಟದ ವಿಸ್ತಾರವೆಷ್ಟು? ಕೇಂದ್ರ ಸರ್ಕಾರವು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಮೂಲಕ ನಡೆಸಿ 2019ರಲ್ಲಿ ಪ್ರಕಟಿಸಿದ ಗಣತಿಯಂತೆ, ಅಫೀಮು ಜಾತಿಯ ಪದಾರ್ಥಗಳನ್ನು ಬಳಸುವವರು ದೇಶದಲ್ಲಿ ಸುಮಾರು 2.26 ಕೋಟಿ, ಅವರ ಪೈಕಿ ಚಿಕಿತ್ಸೆಯ ನೆರವು ಬೇಕಾದವರು ಸುಮಾರು 77 ಲಕ್ಷ. ಸೂಜಿಯಿಂದ ಮಾದಕಗಳನ್ನು ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. ಪಂಜಾಬು, ಹರಿಯಾಣ, ದೆಹಲಿ, ಉತ್ತರಪ್ರದೇಶಗಳು ಮುಂದಿನ ಸಾಲಿನಲ್ಲಿವೆ. ನಮ್ಮ ರಾಜ್ಯವು ಆ ಸಾಲಿನಲ್ಲಿಲ್ಲ. ಇದು ಸಮಾಧಾನದ ಮಾತೆಂದು ತೋರಿದರೂ, ಮನೆಗೆ ಬೆಂಕಿ ಬೀಳುವ ಮೊದಲು ಬಾವಿ ತೋಡುವ ಅವಕಾಶವೆಂದೇ ನಾವು ತಿಳಿಯುತ್ತೇವೆ. ಕಾನೂನುಬಾಹಿರ ಮಾದಕಗಳಿಗೆ ದಾಸರಾದವರಲ್ಲಿ ಎಂದಾದರೊಮ್ಮೆ ಆಸ್ಪತ್ರೆಯಲ್ಲಿದ್ದು ಚಿಕಿತ್ಸೆ ಪಡೆದವರು ಇಪ್ಪತ್ತರಲ್ಲಿ ಒಬ್ಬರು ಮಾತ್ರವೆಂದೂ ಅದೇ ಗಣತಿ ಹೇಳುತ್ತದೆ. ಅಫೀಮು, ಹೆರಾಯಿನ್ನುಗಳಷ್ಟೇ ಅಲ್ಲದೆ ಔಷಧದ ಅಂಗಡಿಯ ಮಾತ್ರೆಗಳೂ ಈ ಲೆಕ್ಕದಲ್ಲಿ ದೊಡ್ಡ ಭಾಗವಾಗಿವೆ. ಟ್ರಮಡಾಲನ್ನು 2018ರಲ್ಲಿ ಮಾದಕವಸ್ತುಗಳ ಕಾಯಿದೆಯ ಕೆಳಗೆ ತಂದರು. ಒಂದನ್ನು ಬಿಗಿಮಾಡಿದರೆ ಇನ್ನೊಂದು ಅದರ ಜಾಗಕ್ಕೆ ಬರುವುದು ಈ ಕುಲದ ಸ್ವಭಾವ.

ಆ ಕಾಯಿದೆಯ ವಿಷಯದಲ್ಲಿ ಒಂದು ಸಣ್ಣ ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. 1985ರ ಈ ಕಾಯಿದೆಯಲ್ಲಿ ಶಿಕ್ಷೆಯ ಮಾತು ಬಂದಲ್ಲೆಲ್ಲ “ಮಾಡತಕ್ಕದ್ದು” ಎಂಬ ಧ್ವನಿ. ಚಿಕಿತ್ಸೆಯ ಕೇಂದ್ರಗಳನ್ನು ಸ್ಥಾಪಿಸುವ 71ನೆಯ ಪ್ರಕರಣಕ್ಕೆ ಬಂದರೆ, ಸರ್ಕಾರವು ತನಗೆ ಸರಿತೋರಿದಷ್ಟು ಕೇಂದ್ರಗಳನ್ನು ಸ್ಥಾಪಿಸ“ಬಹುದು”. ಈ “ತಕ್ಕದ್ದು” ಮತ್ತು “ಬಹುದು”ಗಳ ನಡುವೆ ನಲವತ್ತು ವರ್ಷಗಳು ಕಳೆದುವು. ಏನೂ ಆಗಲಿಲ್ಲವೆಂದು ನಾವು ಹೇಳುವುದಿಲ್ಲ. ಸೂಜಿಯ ಮೂಲಕ ಎಚ್.ಐ.ವಿ. ಹರಡುವುದನ್ನು ತಡೆಯಲೆಂದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು 2007–08ರ ಸುಮಾರಿನಿಂದ ಬುಪ್ರೆನಾರ್ಫಿನ್ ಕೊಡುವ ಕೇಂದ್ರಗಳಿಗೆ ನೆರವು ನೀಡುತ್ತ ಬಂದಿದೆ. ಪಂಜಾಬಿನಲ್ಲಿ 2017ರ ಅಕ್ಟೋಬರಿನಿಂದ ಸರ್ಕಾರವೇ ಹೊರರೋಗಿಗಳಿಗೆ ಈ ಮಾತ್ರೆಯನ್ನು ಕೊಡುವ ಚಿಕಿತ್ಸಾಲಯಗಳನ್ನು ತೆರೆಯಿತು. ಬೆಂಗಳೂರಿನಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯಲ್ಲಿ ಚಟಗಳ ಚಿಕಿತ್ಸೆಗೆಂದೇ ಪ್ರತ್ಯೇಕವಾದ ಕೇಂದ್ರವಿದೆ. ಅಲ್ಲಿನ ತಜ್ಞರು ಹೊರಜಿಲ್ಲೆಗಳ ವೈದ್ಯರಿಗೂ ಶಿಕ್ಷಣ ಕೊಡುತ್ತಾರೆ.

ಇಷ್ಟಾದರೂ ಹಣವು ಸುಲಭವಾಗಿ ಹರಿಯುವುದು ಬೇರೆ ಕಡೆಗೆ. ಪ್ರತಿ ವರ್ಷ ಜೂನ್ 26ರಂದು, ಮಾದಕವಸ್ತು ವಿರೋಧಿ ದಿನದಲ್ಲಿ, ಶಾಲೆಯ ಮಕ್ಕಳ ಕೈಗೆ ಫಲಕಗಳನ್ನು ಕೊಟ್ಟು ಮೆರವಣಿಗೆ ಹೊರಡಿಸುವರು. ಪ್ರತಿಜ್ಞಾವಿಧಿ, ಭಾಷಣ, ಭಾವಚಿತ್ರ. ಮಕ್ಕಳಿಗೆ ಬಿಸ್ಕತ್ತು ದೊರೆಯುವುದೊಂದು ನಿಶ್ಚಿತವಾದ ಲಾಭ. ಅಮೆರಿಕಾದಲ್ಲಿ 1983ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಪ್ರಾರಂಭವಾಗಿ ದೇಶವೆಲ್ಲ ಹಬ್ಬಿದ “ಡೇರ್” ಎಂಬ ಕಾರ್ಯಕ್ರಮದಲ್ಲಿ ಪೋಲೀಸರೇ ತರಗತಿಗಳಿಗೆ ಬಂದು ಮಕ್ಕಳಿಗೆ ಎಚ್ಚರಿಕೆ ಹೇಳುತ್ತಿದ್ದರು. ಹಲವು ವರ್ಷಗಳ ಮೇಲೆ ಸಂಶೋಧಕರು ಲೆಕ್ಕ ತೆಗೆದು ನೋಡಲಾಗಿ, ಪಾಠ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ಮುಂದೆ ಮಾದಕಗಳನ್ನು ಬಳಸುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೆದರಿಸುವುದರಿಂದ ಕೆಲಸವಾಗುವಂತಿದ್ದರೆ ನಮ್ಮ ಅಜ್ಜಿಯರ ಗುಮ್ಮನೇ ಸಾಕಾಗಿತ್ತು.

ಕೂಡಿಹಾಕುವ ಮನೆಗಳದು ಇನ್ನೊಂದು ಕಥೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯ ಮಾದಕಗಳ ಚಟದಿಂದಾಗುವ ಕಾಯಿಲೆಗಳನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡು, ಇಂಥ ರೋಗಿಗಳನ್ನು ಇಟ್ಟುಕೊಳ್ಳುವ ಸಂಸ್ಥೆಗಳು ನೋಂದಣಿ ಮಾಡಿಸಿಕೊಳ್ಳಬೇಕೆಂದು ವಿಧಿಸಿದೆ. ಸರ್ಕಾರ ನಡೆಸುವ ಅಥವಾ ಸರ್ಕಾರದ ಹಣದಿಂದ ನಡೆಯುವ ಸಂಸ್ಥೆಗಳಿಂದ ಚಿಕಿತ್ಸೆ ಪಡೆಯುವುದು ರೋಗಿಯ ಹಕ್ಕೆಂದೂ ಅದರಲ್ಲಿ ಬರೆದಿದೆ. ಬರೆದಿರುವುದನ್ನು ನಡೆಯಿಸಲು ತಪಾಸಣೆಯ ಅಧಿಕಾರಿಗಳು ಬೇಕು, ವೈದ್ಯರು ಬೇಕು, ದಾದಿಯರು ಬೇಕು. ಅವರಿಗೆ ಸಂಬಳ ಬೇಕು. ಅದೇ ಹಣದ ಮಾತು.

ಇದು ನಮ್ಮಿಂದಾಗದ ಕೆಲಸವೇ? ಹಾಗೆ ಹೇಳುವವರಿಗೆ ನಾವು ಬಳ್ಳಾರಿಯನ್ನು ತೋರಿಸುವೆವು. ಮನೋರೋಗಕ್ಕೆ ದೊಡ್ಡ ಆಸ್ಪತ್ರೆಯೊಂದೇ ಗತಿ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ನಿಮ್ಹಾನ್ಸಿನ ವೈದ್ಯರು ಬೆಂಗಳೂರಿನ ಹೊರವಲಯದ ಸಕಲವಾರ ಎಂಬ ಹಳ್ಳಿಯಲ್ಲಿ ಒಂದು ಘಟಕವನ್ನಿಟ್ಟು, ಹಳ್ಳಿಗಳ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ ಮನೋರೋಗಗಳ ಗುರುತನ್ನೂ ಕೆಲವೇ ಮದ್ದುಗಳ ಬಳಕೆಯನ್ನೂ ಕಲಿಸಿ ನೋಡಿದರು. ಬಳಿಕ 1985ರಿಂದ ಮುಂದೆ ಬಳ್ಳಾರಿ ಜಿಲ್ಲೆಯಲ್ಲಿ ಇದನ್ನೇ ದೊಡ್ಡದಾಗಿ ನಡೆಯಿಸಿದರು. ರೋಗಿಯು ನೂರಾರು ಮೈಲಿ ಬೆಂಗಳೂರಿಗೆ ಬರುವುದರ ಬದಲು ತನ್ನ ತಾಲ್ಲೂಕಿನಲ್ಲೇ ಮಾತ್ರೆ ಪಡೆದು ಸಂಜೆಗೆ ಮನೆ ಸೇರುವಂತಾಯಿತು. ಈ ಬಳ್ಳಾರಿಯ ಮಾದರಿಯೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಕನ್ನಡ ನಾಡಿನ ಒಂದು ಜಿಲ್ಲೆಯಿಂದ ಕಲಿತದ್ದನ್ನು ಭಾರತವೆಲ್ಲ ಅನುಸರಿಸಿತೆಂಬುದನ್ನು ನಮ್ಮಲ್ಲಿಯೇ ಎಷ್ಟು ಮಂದಿ ಬಲ್ಲರು? ಅದೇ ಏರ್ಪಾಡಿನ ಮೇಲೆ ಚಟದ ಚಿಕಿತ್ಸೆಯನ್ನೂ ಕಟ್ಟಬಹುದು. ಬುಪ್ರೆನಾರ್ಫಿನ್ ಮಾತ್ರೆಯು ನಮ್ಮ ದೇಶದಲ್ಲೇ ತಯಾರಾಗುವಂಥದು. ವೆಚ್ಚವೇನಿದ್ದರೂ ಅದನ್ನು ಕಣ್ಣೆದುರಿಗೆ ಕೊಡುವ ದಾದಿ, ಜೊತೆಗೆ ಕುಳಿತು ಮಾತನಾಡುವ ಸಲಹೆಗಾರ, ತಿಂಗಳಿಗೊಮ್ಮೆ ನೋಡುವ ವೈದ್ಯ, ಇವರದು.

ಲಾಭನಷ್ಟದ ಲೆಕ್ಕವನ್ನೇ ಕೇಳುವುದಾದರೆ, ಚಿಕಿತ್ಸೆಗೆ ಹಾಕಿದ ಪ್ರತಿಯೊಂದು ಡಾಲರಿಗೆ ಅಪರಾಧ ಮತ್ತು ನ್ಯಾಯಾಲಯಗಳ ವೆಚ್ಚದಲ್ಲಿಯೇ ನಾಲ್ಕರಿಂದ ಏಳು ಡಾಲರು ಉಳಿಯುವುದೆಂದು ಅಮೆರಿಕಾದ ಸರ್ಕಾರಿ ಸಂಶೋಧನಾ ಸಂಸ್ಥೆಯು ಅಂದಾಜುಮಾಡಿದೆ. ಅಮೆರಿಕಾದ ಲೆಕ್ಕವು ಯಥಾವತ್ತಾಗಿ ನಮಗೆ ಹೊಂದುವುದಿಲ್ಲ. ಆದರೂ ರಿಚರ್ಡ್ಸ್ ಟೌನಿನ ಆ ಒಂದು ಮನೆಯ ಲೆಕ್ಕವನ್ನು ಬರೆದು ನೋಡಿ: ಎರಡು ಬಳೆ, ಒಂದು ಗಡಿಯಾರ, 54,000 ರೂಪಾಯಿ, ತುರ್ತು ವಾರ್ಡಿನಲ್ಲಿ ಮೂರು ದಿನ, ನಿಂತುಹೋದ ಓದು, ರಾತ್ರಿಯೆಲ್ಲ ಎಚ್ಚರವಿದ್ದು ಏರಿದ ತಾಯಿಯ ರಕ್ತದೊತ್ತಡ. ಸೂಜಿಯನ್ನು ಹಂಚಿಕೊಂಡು ಯಕೃತ್ತಿಗೆ ಸೋಂಕು ತಗಲಿದ್ದರೆ ಇದರ ಮೇಲೆ ಇನ್ನೆಷ್ಟೋ.

ಮದ್ದಿನ ಮಾರ್ಗದಲ್ಲಿ ಕುಂದುಗಳೇ ಇಲ್ಲವೆಂದು ನಾವು ಬಣ್ಣ ಕಟ್ಟುವುದಿಲ್ಲ. ಬುಪ್ರೆನಾರ್ಫಿನನ್ನೂ ಕೆಲವರು ಬೀದಿಯಲ್ಲಿ ಮಾರಿಕೊಳ್ಳುತ್ತಾರೆ. ಪಂಜಾಬಿನಲ್ಲಿ ಈ ದೂರು ಜೋರಾಗಿಯೇ ಕೇಳಿಬಂದಿದೆ. ಆದಕಾರಣ ಅದು ಸಾಮಾನ್ಯ ಔಷಧದಂಗಡಿಯಲ್ಲಿ ದೊರೆಯದಂತೆ, ಕೇಂದ್ರಗಳ ಮೂಲಕವೇ ಕೊಡುವಂತೆ ನಿಯಮವಿದೆ. ನಿಯಮವನ್ನು ತೀರ ಬಿಗಿಮಾಡಿ ದಿನವೂ ಬಂದು ನಿಂತು ನುಂಗಬೇಕೆಂದರೆ ಕೆಲಸಕ್ಕೆ ಹೋಗುವವನು ಚಿಕಿತ್ಸೆಯನ್ನೇ ಬಿಟ್ಟುಬಿಡುವನು. ಸಡಿಲಿಸಿದರೆ ಮಾತ್ರೆ ದಾರಿತಪ್ಪುವುದು. ಈ ಹದವನ್ನು ಕಾಣಲು ಅನುಭವಸ್ಥರ ಕೈ ಬೇಕು. ಎಷ್ಟು ಕಾಲ ತೆಗೆದುಕೊಳ್ಳಬೇಕೆಂಬುದಕ್ಕೂ ಒಂದೇ ಉತ್ತರವಿಲ್ಲ. ಕೆಲವರಿಗೆ ಒಂದೆರಡು ವರ್ಷ, ಕೆಲವರಿಗೆ ಬಹುಕಾಲ. ಆತುರಪಟ್ಟು ನಿಲ್ಲಿಸಿದವರಲ್ಲಿ ಅನೇಕರು ಮರಳಿ ಬೀಳುವರೆಂಬುದು ಮಾತ್ರ ಚೆನ್ನಾಗಿ ಸಿದ್ಧವಾದ ಸಂಗತಿ.

ಗೃಹಸ್ಥರಿಗೆ ಉಪಯೋಗವಾಗುವ ಒಂದೆರಡು ವಿಷಯಗಳನ್ನು ಇಲ್ಲಿಯೇ ಹೇಳಿಬಿಡುವೆವು. ಮಾದಕವನ್ನು ಸೇವಿಸಿದುದಕ್ಕಾಗಲಿ, ಅಲ್ಪ ಪ್ರಮಾಣವನ್ನು ಹೊಂದಿದ್ದುದಕ್ಕಾಗಲಿ ಆಪಾದಿತನಾದ ಚಟಗಾರನು ತಾನಾಗಿಯೇ ಸರ್ಕಾರದ ಅಥವಾ ಸರ್ಕಾರವು ಮಾನ್ಯಮಾಡಿದ ಕೇಂದ್ರದಲ್ಲಿ ಚಿಕಿತ್ಸೆಗೆ ಒಳಪಟ್ಟು ಅದನ್ನು ಪೂರೈಸಿದರೆ, ಕಾಯಿದೆಯ 64ಎ ಪ್ರಕರಣದ ಪ್ರಕಾರ ವಿಚಾರಣೆಯಿಂದ ರಕ್ಷಣೆ ಪಡೆಯಬಹುದು. ಪೋಲೀಸರ ಹೆದರಿಕೆಯಿಂದ ವೈದ್ಯರನ್ನು ತಪ್ಪಿಸಬೇಕಾದುದಿಲ್ಲ. ಚಟದ ವಿಷಯದಲ್ಲಿ ಸಲಹೆ ಕೇಳಲು 14446, ಮನಸ್ಸಿನ ಯಾವುದೇ ತೊಂದರೆಗೆ 2022ರಲ್ಲಿ ಪ್ರಾರಂಭವಾದ ಟೆಲಿ ಮಾನಸ್ ಸೇವೆಯ 14416, ಇವೆರಡಕ್ಕೂ ಹಣ ತೆರದೆ ದೂರವಾಣಿ ಮಾಡಬಹುದು. ಯಾರಾದರೂ ಎಬ್ಬಿಸಿದರೂ ಏಳದೆ, ಗೊರಗೊರನೆ ಉಸಿರೆಳೆಯುತ್ತ, ತುಟಿ ನೀಲಿಯಾಗಿ ಬಿದ್ದಿದ್ದರೆ ಮೊಗಕ್ಕೆ ನೀರೆರಚುತ್ತ ಕಾಯಬಾರದು. ಒಡನೆಯೇ 108ಕ್ಕೆ ಕರೆದು, ಬಾಯಿ ಮೂಗುಗಳನ್ನು ತೆರವುಮಾಡಿ, ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಬೇಕು. ಆಸ್ಪತ್ರೆಯಲ್ಲಿ ನಾಚಿಕೆಪಡದೆ ನಿಜವನ್ನು ಹೇಳಬೇಕು. ನಲಾಕ್ಸೋನ್ ಚುಚ್ಚುವುದಕ್ಕೆ ವೈದ್ಯರಿಗೆ ಬೇಕಾದುದು ಆ ಒಂದು ಮಾತು.

ಆ ಪಿಂಚಣಿದಾರರ ಮಗನು ಈಗ ನಿಮ್ಹಾನ್ಸಿಗೆ ಹೋಗುತ್ತಿದ್ದಾನೆ. ಮೊದಲು ವಾರಕ್ಕೊಮ್ಮೆ ಇದ್ದುದು ಈಗ ಹದಿನೈದು ದಿನಕ್ಕೊಮ್ಮೆ ಆಗಿದೆ. ದಂಡಿನಿಂದ ಹೊಸೂರು ರಸ್ತೆಗೆ ಎರಡು ಬಸ್ಸು ಹಿಡಿಯಬೇಕು. ಹೋಗಿಬರುವುದರಲ್ಲಿ ಅರ್ಧ ದಿನದ ಸಂಬಳ ಹೋಗುತ್ತದೆ. ಹೌದು, ಸಂಬಳ: ಒಂದು ಮುದ್ರಣಾಲಯದಲ್ಲಿ ಲೆಕ್ಕ ಬರೆಯುವ ಕೆಲಸ ದೊರೆತಿದೆ. ನಡುವೆ ಒಮ್ಮೆ ಜಾರಿದ್ದನು; ತಾನಾಗಿಯೇ ವೈದ್ಯರಿಗೆ ಹೇಳಿದನು; ಅವರು ಗದರಿಸದೆ ಮಾತ್ರೆಯ ಪ್ರಮಾಣವನ್ನು ಸರಿಪಡಿಸಿದರು. ಅಡಿಗೆಯ ಮನೆಯ ಗೋಡೆಯ ಪಂಚಾಂಗದಲ್ಲಿ ತಾಯಿ ಪ್ರತಿದಿನವೂ ಕುಂಕುಮದಿಂದ ಒಂದು ಚುಕ್ಕೆಯಿಡುತ್ತಾರೆ.

ಹೋದ ಹಬ್ಬಕ್ಕೆ ನಮ್ಮನ್ನು ಊಟಕ್ಕೆ ಕರೆದಿದ್ದರು. ಪಾಯಸ ಬಂದಾಗ ನೋಡಿದರೆ ಶಾವಿಗೆಯದು. ಆ ಮನೆಯ ಗಸಗಸೆ ಪಾಯಸವನ್ನು ಬಲ್ಲ ನಮ್ಮ ಮುಖದ ಮೇಲಿನ ನಿರಾಶೆಯನ್ನು ಆಕೆ ಕಂಡಿರಬೇಕು. “ಅಲ್ಲಿ ಆಗಾಗ ಮೂತ್ರ ಪರೀಕ್ಷೆ ಮಾಡುತ್ತಾರೆ. ಗಸಗಸೆ ತಿಂದಿದ್ದರೂ ಅಫೀಮಿನ ಗುರುತು ಕಾಣಿಸಬಹುದಂತೆ. ಅವನು ತಿನ್ನುವ ಹಾಗಿಲ್ಲ ಎಂದ ಮೇಲೆ ಮನೆಯಲ್ಲಿ ಯಾರಿಗೂ ಬೇಡವೆಂದು ಡಬ್ಬಿಯನ್ನೇ ತೆಗೆದಿಟ್ಟೆ” ಎಂದರು. ಹುಡುಗನು ತಲೆಯೆತ್ತದೆ ಎರಡನೆಯ ಸಲ ಬಡಿಸಿಕೊಂಡನು.